ಅಪ್‌ಡೇಟ್: ರಾತ್ರಿ ಎದೆಬಡಿತದ ಭಯ ಏನಾಯಿತು ಅಂದರೆ

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, 67ರ ವಯಸ್ಸಲ್ಲಿ ರಾತ್ರಿ ಎದೆ ಡವಡವ ಅಂದರೆ ಸಾವೇ ಬಂತು ಅನ್ನಿಸುತ್ತೆ, ದೇವರನ್ನು ನಂಬಿಯೂ ಹೀಗೇಕೆ ಅಂತ. ಡಾಕ್ಟರು 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿ ಎದೆಬಡಿತ ದಾಖಲಿಸುವ ಪುಟ್ಟ ಯಂತ್ರ) ಹಾಕಿ ನೋಡಿದರು. ನಡುನಡುವೆ ಒಂದೊಂದು ಹೆಚ್ಚುವರಿ ಬಡಿತ, ಅಷ್ಟೇ. ಹೃದಯ ಗಟ್ಟಿಯಿದ್ದವರಲ್ಲೂ ವಯಸ್ಸಾದಂತೆ ಇದು ಸಾಮಾನ್ಯವಂತೆ!

"ಭಯಪಟ್ಟರೆ ನಂಬಿಕೆ ಸಾಲದು" ಅಂದವರ ಮಾತು ಉಪಯೋಗಕ್ಕೆ ಬರಲಿಲ್ಲ. ಭಯದ ಮೇಲೆ ಅಪರಾಧಿ ಭಾವವೂ ಸೇರಿತು. ಗಳಿಗೆಗೊಮ್ಮೆ ಬಿಪಿ ನೋಡಿದ್ದೂ ದಂಡ. ಕೈಹಿಡಿದದ್ದು ಉಸಿರಿನ ಜೊತೆ ಪ್ರಾರ್ಥನೆ ಮಾಡಿ ಅಂದವರ ಸಲಹೆ: ನಿಮಿಷಕ್ಕೆ ಸುಮಾರು 6 ಉಸಿರು, ನಿಧಾನವಾಗಿ. ಆಶ್ಚರ್ಯ ಅಂದರೆ, "ಕಾಯಿಲೆ ಕೊಡಬೇಡ" ಅನ್ನೋದು ಬಿಟ್ಟು "ಜೊತೆಗಿರು" ಅಂದ ರಾತ್ರಿಯೇ ನಿದ್ದೆ ಬಂತು.

ಭಯ ಪೂರ್ತಿ ಹೋಗಿಲ್ಲ. ನಿನ್ನೆಯೂ ಎಚ್ಚರವಾಯಿತು, ಮಗ್ಗುಲು ಬದಲಿಸಿ ಮಲಗಿದೆ.