ಪದಚರ್ಚೆ: ಇಂಗ್ಲಿಷ್ ಪಬ್ಬಿನ ‘ಸ್ನಗ್’, ‘ಸಲೂನ್ ಬಾರ್’, ‘ಫ್ರೀ ಹೌಸ್’ ಕನ್ನಡದಲ್ಲಿ?

ಪ್ರಶ್ನೆ:

ನಮಸ್ಕಾರ. ಇಂಗ್ಲೆಂಡಿನ ಹಳೆಯ ಪಬ್‌ಗಳ ಒಳಾಂಗಣ ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸದ್ಯಕ್ಕೆ ‘ಪಬ್ಲಿಕ್ ಬಾರ್’ = ಸಾರ್ವಜನಿಕ ಬಾರ್, ‘ಸ್ನಗ್’ = ಬೆಚ್ಚನೆಯ ಕೋಣೆ, ‘ಫ್ರೀ ಹೌಸ್’ = ಮುಕ್ತಗೃಹ ಎಂದು ಹಾಕಿಕೊಂಡಿದ್ದೇನೆ. ‘ಸ್ನಾಬ್ ಸ್ಕ್ರೀನ್’ಗೆ ಏನೂ ಹೊಳೆದಿಲ್ಲ. ಪಬ್ಬನ್ನು ‘ಪಡಖಾನೆ’ ಎನ್ನಬಹುದೇ? ತಿಳಿದವರು ಹೇಳಿ.

ಉತ್ತರ 1:

ಮೊದಲು ‘ಬಾರ್’ನ ತಕರಾರು ತೀರಬೇಕು. ನಮ್ಮಲ್ಲಿ ಬಾರ್ ಎಂದರೆ ಬೋರ್ಡಿನಿಂದ ಹಿಂಬಾಗಿಲವರೆಗಿನ ಇಡೀ ಅಂಗಡಿ. ಇಂಗ್ಲೆಂಡಿನಲ್ಲಿ ಗ್ಲಾಸು ಇಡುವ ಕಟ್ಟೆಯೂ ಬಾರ್, ಆ ಕಟ್ಟೆಯ ಮುಂದಿನ ಕೋಣೆಯೂ ಬಾರ್. ಒಂದೇ ಪಬ್ಬಿನಲ್ಲಿ ಮೂರು ನಾಲ್ಕು ಬಾರ್ ಇರುವುದು ಹೀಗೆ. ಕಟ್ಟೆಗೆ ಕೌಂಟರ್, ಕೋಣೆಗೆ ಬಾರ್, ಕಟ್ಟಡಕ್ಕೆ ಪಬ್ ಎಂದು ಗೆರೆ ಹಾಕಿಕೊಳ್ಳಿ, ಮುಂದಿನದು ಸಲೀಸು.

‘ಸಾರ್ವಜನಿಕ ಬಾರ್’ ಬೇಡ. ಪಬ್ ಎಂಬುದೇ ಪಬ್ಲಿಕ್ ಹೌಸ್‌ನ ಮೊಟಕು. ಇಡೀ ಮನೆಯೇ ಸಾರ್ವಜನಿಕ ಎಂದ ಮೇಲೆ ಒಂದು ಕೋಣೆಗೆ ಮಾತ್ರ ಆ ಮಾತು ಏಕೆ? ಅಲ್ಲಿ ವ್ಯತ್ಯಾಸ ಇದ್ದದ್ದು ದರ್ಜೆಯಲ್ಲಿ. ಪಬ್ಲಿಕ್ ಬಾರಿನಲ್ಲಿ ಬರಿಯ ಹಲಗೆ ನೆಲ, ಗಟ್ಟಿ ಬೆಂಚು. ಸಲೂನ್ ಬಾರಿನಲ್ಲಿ ರತ್ನಗಂಬಳಿ, ಮೆತ್ತೆಯ ಆಸನ. ಅದೇ ಬಿಯರಿಗೆ ತುಸು ಹೆಚ್ಚು ದುಡ್ಡು. ನಮ್ಮ ಹೋಟೆಲಿನ ಎ.ಸಿ. ಹಾಲಿನಲ್ಲಿ ಅದೇ ದೋಸೆಗೆ ರೇಟು ಏರುವ ಹಾಗೆ. ‘ಸಾದಾ ಬಾರ್’, ‘ಮೇಲ್ದರ್ಜೆ ಬಾರ್’ ಎಂದರೆ ಓದುಗರಿಗೆ ತಕ್ಷಣ ಹೊಳೆಯುತ್ತದೆ. ‘ಸಲೂನ್’ ಎಂದೇ ಬಿಟ್ಟರಂತೂ ಕನ್ನಡದ ಓದುಗರು ಕ್ಷೌರಕ್ಕೆ ಕೂರುತ್ತಾರೆ.

ಸ್ನಗ್‌ಗೆ ‘ಬೆಚ್ಚನೆಯ ಕೋಣೆ’ ಎಂದರೆ ಅರ್ಧ ಮಾತ್ರ ಬಂತು. ಅದರ ಜೀವ ಇರುವುದು ಮರೆಯಲ್ಲಿ: ನಾಲ್ಕಾರು ಜನ ಹಿಡಿಸುವ ಪುಟ್ಟ ಜಾಗ, ಸುತ್ತ ಮರದ ತಡಿಕೆ, ಕೌಂಟರಿಗೆ ತಾಗಿದ ಒಂದು ಕಿಂಡಿ. ಹೆಂಗಸರೋ ಊರ ಗಣ್ಯರೋ ಯಾರ ಕಣ್ಣಿಗೂ ಬೀಳದೆ ಕೂರುತ್ತಿದ್ದದ್ದು ಇಲ್ಲಿ. ಹಳೆಯ ಉಡುಪಿ ಹೋಟೆಲುಗಳ ‘ಫ್ಯಾಮಿಲಿ ರೂಮ್’ ನೆನಪಿಸಿಕೊಳ್ಳಿ. ಅದಕ್ಕಿಂತ ಹತ್ತಿರದ್ದು ನಮ್ಮಲ್ಲಿಲ್ಲ. ನನ್ನ ಸಲಹೆ ‘ಮರೆಗೂಡು’. ಲಂಡನ್ನಿನ ಮೈಡಾ ವೇಲ್‌ನ ಪ್ರಿನ್ಸ್ ಆಲ್ಫ್ರೆಡ್ ಪಬ್ಬಿನಲ್ಲಿ ಇಂಥ ಗೂಡುಗಳು ಸಾಲಾಗಿವೆ. ಒಂದರಿಂದ ಇನ್ನೊಂದಕ್ಕೆ ತಡಿಕೆಯ ಬುಡದಲ್ಲಿ ಗಿಡ್ಡ ಬಾಗಿಲು, ಸೊಂಟ ಬಗ್ಗಿಸದೆ ದಾಟಲಾಗದು.

ಸ್ನಾಬ್ ಸ್ಕ್ರೀನ್ ಆ ಮರೆಯ ತುತ್ತತುದಿ. ಕೌಂಟರಿನ ಮೇಲೆ, ಮುಖದ ಎತ್ತರಕ್ಕೆ, ಮರದ ಚೌಕಟ್ಟಿನಲ್ಲಿ ಅಂಗೈಗಿಂತ ಕೊಂಚ ದೊಡ್ಡ ಕೊರೆದ ಗಾಜುಗಳ ಸಾಲು. ಒಂದೊಂದೂ ನಟ್ಟನಡುವಿನ ಕೀಲಿನ ಮೇಲೆ ತಿರುಗುತ್ತದೆ. ತಿರುಗಿಸಿ ಬೇಕಾದ್ದು ಹೇಳಿ ಮುಚ್ಚಿದರಾಯಿತು. ಗ್ಲಾಸು ಕೆಳಗಿನ ಸಂದಿಯಿಂದ ಬರುತ್ತದೆ. ಬಾರಿನವನಿಗೆ ಕೈ ಕಂಡೀತು, ಮುಖವಲ್ಲ. ಇದನ್ನು ‘ಗತ್ತಿನ ಪರದೆ’ ಎಂದರೆ ಬಟ್ಟೆ ನೆನಪಾಗುತ್ತದೆ. ‘ತಿರುಗುಗಾಜಿನ ಮರೆ’ ಎನ್ನಿ. ಬರ್ಮಿಂಗ್‌ಹ್ಯಾಮಿನ ಬಾರ್ಟನ್ಸ್ ಆರ್ಮ್ಸ್ (1901) ಪಬ್ಬಿನಲ್ಲಿ ಇವತ್ತಿಗೂ ಇವೆ.

‘ಫ್ರೀ ಹೌಸ್’ನಲ್ಲಿ ಬಿಟ್ಟಿಯಾಗಿ ಏನೂ ಸಿಗುವುದಿಲ್ಲ! ‘ಟೈಡ್ ಹೌಸ್’ ತನ್ನ ಬಿಯರನ್ನು ಒಂದೇ ಬ್ರೂವರಿಯಿಂದಲೋ ಪಬ್ ಕಂಪನಿಯಿಂದಲೋ ಕೊಳ್ಳಲೇಬೇಕು. ಫ್ರೀ ಹೌಸ್‌ಗೆ ಆ ಕಟ್ಟಿಲ್ಲ. ‘ಕಟ್ಟಿಲ್ಲದ ಪಬ್’ ಸಾಕು. ಇದರ ಜೊತೆಗೇ ‘ಲ್ಯಾಂಡ್‌ಲಾರ್ಡ್’ ಬಂದರೆ ‘ಮನೆ ಮಾಲೀಕ’ ಎನ್ನಬೇಡಿ. ಎಷ್ಟೋ ಕಡೆ ಆತ ಬ್ರೂವರಿಯ ಬಾಡಿಗೆದಾರ. ‘ಪಬ್ಬಿನ ಯಜಮಾನ’ ಒಪ್ಪುತ್ತದೆ.

‘ಜಗ್ ಆ್ಯಂಡ್ ಬಾಟಲ್’ ಎಂಬ ಬಾಗಿಲು ಬರಹ ಸಿಕ್ಕೀತು. ಬೀದಿಯಿಂದಲೇ ನೇರ ಬಂದು, ತಂದ ಹೂಜಿಗೆ ಬಿಯರ್ ತುಂಬಿಸಿಕೊಂಡು ಮನೆಗೆ ಒಯ್ಯುತ್ತಿದ್ದ ಜಾಗ. ಕನ್ನಡದಲ್ಲಿ ಸಿದ್ಧ ಪದವಿದೆ: ಪಾರ್ಸಲ್ ಕೌಂಟರ್.

ಉತ್ತರ 2:

ಮರೆಗೂಡು ಚೆನ್ನಾಗಿದೆ. ಅಳತೆ, ಕ್ರಿಯಾಪದಗಳ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ, ಅನುವಾದ ಹೆಚ್ಚು ಎಡವುವುದು ಅಲ್ಲೇ.

ಕರ್ನಾಟಕದ ಬಾರಿನಲ್ಲಿ ‘ಪಿಂಟ್’ ಎಂದರೆ 330 ಮಿ.ಲೀ. ಬಾಟಲಿ. ಇಂಗ್ಲೆಂಡಿನ ಪೈಂಟ್ 568 ಮಿ.ಲೀ. ಅದಕ್ಕೇ ‘ಪೈಂಟ್’ ಎಂದು ಬರೆದು ಮೊದಲ ಸಲ ಅಳತೆ ಕೊಡಿ.

ಹ್ಯಾಂಡ್‌ಪಂಪ್ ಎಂದಾಗ ಬೋರ್‌ವೆಲ್ಲಿನ ಪಂಪು ಕಣ್ಣಿಗೆ ಬರುತ್ತದೆ, ಬರಲಿ ಬಿಡಿ. ಕೆಲಸವೂ ಅದೇ. ಕೌಂಟರಿನ ಮೇಲಿನ ಉದ್ದ ಹಿಡಿ ಎಳೆದರೆ ನೆಲಮಾಳಿಗೆಯ ಪೀಪಾಯಿಯಿಂದ ಬಿಯರ್ ಮೇಲೇರುತ್ತದೆ. ಸಾಮಾನ್ಯವಾಗಿ ಒಂದು ಎಳೆತಕ್ಕೆ ಅರ್ಧ ಪೈಂಟ್. ಹಾಗಾಗಿ ‘ಬಗ್ಗಿಸಿದ’, ‘ಸುರಿದ’ ಬೇಡ, ‘ಎಳೆದುಕೊಟ್ಟ’ ಎನ್ನಿ. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ಬಿಯರ್ ಸಪ್ಪೆಯಾಗಿರುವುದರಿಂದ ಬೆಳಗಿನ ಮೊದಲ ಎಳೆತ ಚೆಲ್ಲುತ್ತಾರೆ. ಮೂಲದಲ್ಲಿ ಹಾಗಿದ್ದರೆ ಅದು ದುಂದಲ್ಲ.

ಇಂಗ್ಲೆಂಡಿನವರು ಕುಡಿಯುವುದು ‘ಬೆಚ್ಚಗಿನ ಬಿಯರ್’ ಎಂಬ ಮಾತೂ ತಪ್ಪು. ಪೀಪಾಯಿಯ ಬಿಯರನ್ನು ಇಡುವುದು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ: ತಣ್ಣಗಿದೆ, ಕೊರೆಯುವುದಿಲ್ಲ, ಅಷ್ಟೇ. ಅದಕ್ಕಿಂತ ತಂಪಾದರೆ ಪರಿಮಳ ಮುಚ್ಚಿಹೋಗುತ್ತದೆ, ಬಣ್ಣ ಮಂಕಾಗಲೂಬಹುದು.

‘ಸ್ಮೋಕ್ ರೂಮ್’ ಅನ್ನು ‘ಧೂಮಪಾನ ಕೊಠಡಿ’ ಎಂದರೆ ಓದುಗ ಸಿಗರೇಟು ಹಚ್ಚಬಹುದೆಂದುಕೊಂಡಾನು. 2007ರ ಜುಲೈ 1ರಿಂದ ಇಂಗ್ಲೆಂಡಿನ ಪಬ್ಬುಗಳ ಒಳಗೆ ಅದಕ್ಕೆ ನಿಷೇಧ. ಗಾಜಿನ ಮೇಲೆ ಕೊರೆದ ಹೆಸರಷ್ಟೇ ಉಳಿದಿದೆ. ಹೆಸರಾಗಿಯೇ ಇಡಿ. ಯಾರ್ಕ್ ನಗರದ ಬ್ಲೂ ಬೆಲ್ ಇದಕ್ಕೆ ಒಳ್ಳೆಯ ಉದಾಹರಣೆ: 1903ರ ಒಳಾಂಗಣ, ಮುಂದೆ ಪುಟ್ಟ ಬಾರ್, ಹಿಂದೆ ಸ್ಮೋಕ್ ರೂಮ್, ಪಕ್ಕದಲ್ಲಿ ಕಿಂಡಿಯಿರುವ ಓಣಿ. ಆ ಓಣಿ ಬರೀ ದಾರಿಯಲ್ಲ, ನಿಂತು ಕುಡಿಯುವ ಜಾಗ.

ಒಂದು ಎಚ್ಚರಿಕೆ. ಬಹಳಷ್ಟು ಪಬ್ಬುಗಳ ತಡಿಕೆಗಳನ್ನು ಕಿತ್ತು ಒಂದೇ ಹಾಲ್ ಮಾಡಿದ್ದಾರೆ. ಕೆಲವೆಡೆ ಮತ್ತೆ ಕಟ್ಟಿದ್ದೂ ಇದೆ: ಲಂಡನ್ನಿನ ಹೋಬರ್ನ್‌ನ ಪ್ರಿನ್ಸೆಸ್ ಲೂಯಿಸ್‌ನ ಅಲಂಕಾರ 1891ರದ್ದು, ಇಂದಿನ ತಡಿಕೆಗಳು ಮಾತ್ರ 2008ರ ಹೊತ್ತಿನ ಮರುನಿರ್ಮಾಣ. ಮೂಲದಲ್ಲಿ ‘ರೀಇನ್‌ಸ್ಟೇಟೆಡ್’ ಎಂದಿದ್ದರೆ ‘ಉಳಿಸಿದ’ ಅಲ್ಲ, ‘ಮತ್ತೆ ಕೂರಿಸಿದ’.

ಇನ್ನು ಪಡಖಾನೆ, ಕರಾವಳಿಯ ಗಡಂಗು. ಎರಡೂ ಕಳ್ಳು, ಸಾರಾಯಿಯ ವಾಸನೆಯ ಪದಗಳು. ಹೆಂಡತಿ ಮಕ್ಕಳೊಂದಿಗೆ ಭಾನುವಾರದ ಊಟಕ್ಕೆ ಹೋಗುವ ಜಾಗಕ್ಕೆ ಹೊಂದುವುದಿಲ್ಲ. ‘ಪಬ್’ ಎಂದೇ ಬಿಡಿ. ಬೆಂಗಳೂರಿನ ಓದುಗರಿಗೆ ಜೋರು ಸಂಗೀತ ನೆನಪಾಗದಿರಲೆಂದು ಮೊದಲ ಸಲ ‘ಊರಿನ ಹಳೆ ಪಬ್’ ಎಂದರೆ ಸಾಕು.