ಅಪ್‌ಡೇಟ್: ನಮ್ಮ ಆನ್‌ಲೈನ್ ಚೆಸ್ ಟೂರ್ನಮೆಂಟ್ ಸ್ವಿಸ್ ಪದ್ಧತಿಯಲ್ಲೇ ಮಾಡಿದ್ವಿ
ನಮ್ಮ ಲೇಔಟ್‌ನವ್ರಿಗೆ ಚೆಸ್ ಟೂರ್ನಮೆಂಟ್ ಮಾಡ್ಬೇಕು, ಅರೀನಾ (ಟೈಮ್ ಮುಗಿಯೋವರ್ಗೂ ಒಂದಾದ್ಮೇಲೊಂದು ಆಟ ಆಡ್ತಾ ಹೋಗೋದು) ಇಡ್ಲಾ ಸ್ವಿಸ್ (ಇಂತಿಷ್ಟೇ ರೌಂಡ್ ಅಂತ ಆಡೋದು) ಇಡ್ಲಾ ಅಂತ ಕೇಳಿದ್ನಲ್ಲ, ನೀವೆಲ್ಲ ಹೇಳ್ದಂಗೆ ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟ್‌ನಲ್ಲಿ ಸ್ವಿಸ್ಸೇ ಇಟ್ವಿ, ತುಂಬಾ ಚೆನ್ನಾಗಾಯ್ತು, ಎಲ್ರಿಗೂ ಥ್ಯಾಂಕ್ಸ್. ಸ್ವಿಸ್ ಇಡೋಕೆ ಮೊದ್ಲು ಅಲ್ಲಿ ಟೀಮ್ (ಆಡೋರ ಗುಂಪು) ಮಾಡ್ಲೇಬೇಕು, ಎಲ್ರನ್ನೂ ಸೇರಿಸೋದೇ ದೊಡ್ಡ ಕೆಲ್ಸ, ಹಿಂದಿನ ದಿನಾನೇ ಮುಗಿಸ್ಕೊಳ್ಳಿ.

ಅರೀನಾದಲ್ಲಿ ಸತತ ಎರಡು ಗೆದ್ರೆ ಆಮೇಲಿನ ಗೆಲುವಿಗೆ ಪಾಯಿಂಟ್ ಡಬಲ್, ಫಾಸ್ಟಾಗಿ ಆಡೋ ಹುಡುಗ್ರೇ ಮೇಲೆ ಹೋಗ್ಬಿಡ್ತಾರೆ, ಸ್ವಿಸ್‌ನಲ್ಲಿ ಸೋತ್ರೂ ಹೊರಗೆ ಹೋಗಲ್ಲ, ಹೆಚ್ಚುಕಮ್ಮಿ ತಮ್ಮಷ್ಟೇ ಪಾಯಿಂಟ್ ಇರೋರ ಜೊತೆ ಮುಂದಿನ ರೌಂಡ್ ಸಿಗುತ್ತೆ. ಟೈಮ್ 10+5 (ಒಬ್ಬೊಬ್ರಿಗೆ 10 ನಿಮಿಷ) ಇಟ್ಟಿದ್ದು ಹಿರಿಯರಿಗೆ ಒಳ್ಳೇದಾಯ್ತು, ಪ್ರತಿ ನಡೆಗೂ 5 ಸೆಕೆಂಡ್ ಸೇರುತ್ತಲ್ಲ. ಪಕ್ಕದ ರೋಡಿನ ರಿಟೈರ್ಡ್ ಮೇಷ್ಟ್ರು ಒಬ್ಬ ಹೈಸ್ಕೂಲ್ ಹುಡುಗನ ಜೊತೆ ಬರೀ ಆನೆ, ಪದಾತಿ ಉಳಿದ ಆಟಾನ ಡ್ರಾ ಮಾಡ್ಕೊಂಡ್ರು, ನನಗಂತೂ ಅದೇ ಬೆಸ್ಟ್ ಗೇಮ್! ಮುಂದಿನ ಸಲಕ್ಕೆ ಆಗ್ಲೇ ಹೆಸರು ಕೊಡ್ತಿದಾರೆ.