ಸಿಪ್ಯಾಪ್ ಹಾಕಿದರೆ ಗಾಳಿ ಸಾಲುತ್ತಿಲ್ಲ, ಪ್ರೆಶರ್ ನಾನೇ ಬದಲಿಸಬಹುದಾ?

ಪ್ರಶ್ನೆ:
ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ) ಅಂತ ಗೊತ್ತಾಗಿ ಈಗಷ್ಟೇ ಸಿಪ್ಯಾಪ್, ಅಂದರೆ ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ತೆರೆದಿಡುವ ಮಷೀನು, ಶುರು ಮಾಡಿದ್ದೇನೆ. ಪರೀಕ್ಷೆಯಲ್ಲಿ ಎಎಚ್‌ಐ 38 ಬಂದಿತ್ತು, ಅಂದರೆ ಗಂಟೆಗೆ ಅಷ್ಟು ಸಲ ಉಸಿರು ನಿಲ್ಲುತ್ತದೆ ಇಲ್ಲವೇ ತೀರಾ ಕಮ್ಮಿಯಾಗುತ್ತದೆ. ರೆಸ್‌ಮೆಡ್‌ನ ಆಟೋ ಮಷೀನು (ಪ್ರೆಶರ್ ತಾನೇ ಏರಿಸಿ ಇಳಿಸುವಂಥದ್ದು), ಮೂಗಿನ ಮಾಸ್ಕು. ಪ್ರೆಶರ್ 4ರಿಂದ 20, ರ‍್ಯಾಂಪ್ 45 ನಿಮಿಷ (ಶುರುವಿನಲ್ಲಿ ಪ್ರೆಶರ್ ನಿಧಾನಕ್ಕೆ ಏರುವ ಅವಧಿ). ಮಲಗಿದ ತಕ್ಷಣ ಗಾಳಿ ಸಾಲುವುದಿಲ್ಲ, ಮಾಸ್ಕ್ ಕಿತ್ತು ಬಿಸಾಕೋಣ ಅನಿಸುತ್ತದೆ. ನಡುರಾತ್ರಿ ಉಲ್ಟಾ, ಗಾಳಿಯ ರಭಸಕ್ಕೇ ಎಚ್ಚರ ಆಗುತ್ತದೆ, ಮಾಸ್ಕ್ ಅಂಚಿನಿಂದ ಕಣ್ಣಿಗೆ ಗಾಳಿ ಹೊಡೆಯುತ್ತದೆ, ಬೆಳಿಗ್ಗೆ ಹೊಟ್ಟೆ ಉಬ್ಬರ ಬೇರೆ. ಮಷೀನಿನ ರಿಪೋರ್ಟಿನಲ್ಲಿ ಎಎಚ್‌ಐ 9, ಲೀಕ್ (ಸೋರುವ ಗಾಳಿ) ನಿಮಿಷಕ್ಕೆ 35 ಲೀಟರ್ ಆಸುಪಾಸು. ಪರಿಚಯದವರೊಬ್ಬರು ಡಾಕ್ಟರಿಗಾಗಿ ಇರುವ ಸೆಟ್ಟಿಂಗ್ ಮೆನು ತೆರೆದು ಮೇಲಿನ ಪ್ರೆಶರ್ 10ಕ್ಕೆ ಇಳಿಸಿಬಿಡಿ ಅಂದರು. ಮಾಡಲಾ?

ಉತ್ತರ (ಸ್ಲೀಪ್ ಲ್ಯಾಬ್ ಟೆಕ್ನಿಷಿಯನ್):
ಬೇಡ. ನಿಮ್ಮ ಅಂಕಿಗಳಲ್ಲಿ ನಾನು ಮೊದಲು ನೋಡಿದ್ದು ಲೀಕ್. ಈ ಮಷೀನುಗಳಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಲೀಕ್ ಜಾಸ್ತಿ ಅಂತ ಅರ್ಥ. ಅಷ್ಟು ಗಾಳಿ ಸೋರುವಾಗ ನಿಮ್ಮ ಉಸಿರಾಟ ಮಷೀನಿಗೇ ಸರಿಯಾಗಿ ಕಾಣುವುದಿಲ್ಲ, ಆ 9ನ್ನೂ ಪೂರ್ತಿ ನಂಬುವ ಹಾಗಿಲ್ಲ. ಜೊತೆಗೆ ಪ್ರೆಶರ್ ಏರಿದಷ್ಟೂ ಮಾಸ್ಕ್ ಮುಖದಿಂದ ಮೇಲೇಳುತ್ತದೆ, ಸೋರುವುದು ಇನ್ನೂ ಜಾಸ್ತಿ ಆಗುತ್ತದೆ. ನಡುರಾತ್ರಿಯ ಗಲಾಟೆ ಬಹುಪಾಲು ಇದೇ ಇರಬೇಕು.

ಮಾಸ್ಕನ್ನು ಕೂತು ಹಾಕಿ ನೋಡಿದರೆ ಪ್ರಯೋಜನವಿಲ್ಲ. ಮಷೀನ್ ಚಾಲೂ ಮಾಡಿ, ನೀವು ನಿದ್ದೆ ಮಾಡುವ ಮಗ್ಗುಲಿಗೇ ಮಲಗಿ, ಗಾಳಿ ಬರುತ್ತಿರುವಾಗ ಮಾಸ್ಕನ್ನು ಮೆಲ್ಲಗೆ ಮುಂದಕ್ಕೆಳೆದು ಬಿಡಿ. ಸಿಲಿಕಾನ್ ಅಂಚು ಗಾಳಿ ತುಂಬಿಕೊಂಡು ತಾನೇ ಕೂರುತ್ತದೆ. ಆಮೇಲೆ ಪಟ್ಟಿ ಬೇಕಾದಷ್ಟೇ ಎಳೆಯಿರಿ. ಸೋರುತ್ತದೆ ಅಂತ ಎಲ್ಲರೂ ಮಾಡುವ ಕೆಲಸ ಒಂದೇ, ಬಿಗಿಯಾಗಿ ಕಟ್ಟುವುದು. ಆಗ ಆ ತೆಳು ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ, ಮೂಗಿನ ಮೇಲೆ ಗಾಯ ಬೇರೆ. ಮುಖದ ಜಿಡ್ಡಿಗೂ ಅಂಚು ಜಾರುತ್ತದೆ, ಮಲಗುವ ಮುಂಚೆ ಮುಖ ತೊಳೆಯಿರಿ, ಕುಶನ್ ದಿನಾ ಒರೆಸಿ.

ಇನ್ನು ಗಾಳಿ ಸಾಲದ ವಿಷಯ. ರ‍್ಯಾಂಪ್ ಅನ್ನುವುದು ಆಟೋ ಮೋಡಿನಲ್ಲಿ ಕೆಳಗಿನ ಪ್ರೆಶರ್ ತನಕ ಮಾತ್ರ ಹತ್ತುತ್ತದೆ. ನಿಮ್ಮ ಕೆಳಗಿನ ಪ್ರೆಶರೇ 4. ಅಂದರೆ 4ರಲ್ಲಿ ಹೊರಟು 4ಕ್ಕೇ ಸೇರಲು ಮುಕ್ಕಾಲು ಗಂಟೆ! ದೊಡ್ಡವರಲ್ಲಿ ಬಹಳ ಜನಕ್ಕೆ 4ರಲ್ಲಿ ಉಸಿರು ಕಟ್ಟಿದ ಹಾಗೇ ಆಗುತ್ತದೆ, ನಿಮ್ಮೊಬ್ಬರಿಗೇ ಅಲ್ಲ. ರ‍್ಯಾಂಪ್ ನಿಮ್ಮ ಮೆನುವಿನಲ್ಲೇ ಇರುತ್ತದೆ, ಇವತ್ತೇ ಆಫ್ ಮಾಡಿ. ಆದರೆ ನಿಜವಾಗಿ ಏರಬೇಕಾಗಿರುವುದು ಆ ಕೆಳಗಿನ 4, ಅದನ್ನು ಡಾಕ್ಟರ್ ಏರಿಸಬೇಕು. 4ರಿಂದ 20 ಅನ್ನುವುದು ಮಷೀನ್ ಕೊಡಬಲ್ಲ ಪೂರ್ತಿ ವ್ಯಾಪ್ತಿ, ಅದನ್ನು ನಿಮಗೆ ಅಂತ ಯಾರೂ ಲೆಕ್ಕ ಹಾಕಿಲ್ಲ. ರಿಪೋರ್ಟಿನಲ್ಲಿ 95ನೇ ಪರ್ಸೆಂಟೈಲ್ ಪ್ರೆಶರ್ ಅಂತ ಇರುತ್ತದೆ, ರಾತ್ರಿಯ ನೂರಕ್ಕೆ 95 ಭಾಗ ಪ್ರೆಶರ್ ಅದರೊಳಗೇ ಇತ್ತು ಅಂತ ಅರ್ಥ. ಲೀಕ್ ಸರಿಯಾದ ಮೇಲೆ ಒಂದು ವಾರದ ರಿಪೋರ್ಟ್ ಡಾಕ್ಟರಿಗೆ ಕಳಿಸಿ, ಇದನ್ನು ನೋಡಿ ಕೆಳಗಿನದನ್ನು ಏರಿಸಬಹುದಾ ಅಂತ ಕೇಳಿ. ಮೇಲಿನದನ್ನು ಸುಮ್ನೆ 10ಕ್ಕೆ ಇಳಿಸಿದರೆ, ಅಂಗಾತ ಮಲಗಿದಾಗ ನಿಮ್ಮ ಗಂಟಲಿಗೆ 12 ಬೇಕಾದರೆ ಅದು ಮುಚ್ಚಿಕೊಂಡೇ ಇರುತ್ತದೆ.

ಪ್ರಶ್ನೆ ಕೇಳಿದವರು:
ಇಪಿಆರ್ ಅಂತ ಇನ್ನೊಂದು ಸೆಟ್ಟಿಂಗ್ ಇದೆಯಲ್ಲ, 3 ಇಟ್ಟರೆ ಆರಾಮ ಅನಿಸಿತು.

ಉತ್ತರ:
ಇಪಿಆರ್ ಉಸಿರು ಬಿಡುವಾಗ ಪ್ರೆಶರನ್ನು ಅಷ್ಟು ಇಳಿಸುತ್ತದೆ. ಹೊಟ್ಟೆ ಉಬ್ಬರಕ್ಕೂ ಕೆಲವರಿಗೆ ಒಳ್ಳೆಯದು, ನುಂಗುವ ಗಾಳಿ ಕಮ್ಮಿಯಾಗುತ್ತದೆ. ಆದರೆ 8 ಇದ್ದದ್ದು ಬಿಡುವಾಗ 5 ಆಗುತ್ತದೆ, ಗಂಟಲು ಮುಚ್ಚುವುದು ಹೆಚ್ಚಾಗಿ ಉಸಿರು ಬಿಟ್ಟು ಮುಗಿಯುವ ಹೊತ್ತಿಗೇ. ಎಎಚ್‌ಐ ಏರಿದರೆ 2ಕ್ಕೋ 1ಕ್ಕೋ ತನ್ನಿ. ಮಾಸ್ಕ್ ಸರಿ ಮಾಡಿದ ರಾತ್ರಿಯೇ ಇದನ್ನೂ ಬದಲಿಸಬೇಡಿ, ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ.

ಇನ್ನೊಬ್ಬ ಸದಸ್ಯರು:
ಪ್ರೆಶರ್ ಜಾಸ್ತಿ ಮಾಡಿದಷ್ಟೂ ಎಎಚ್‌ಐ ಇಳಿಯುತ್ತದೆ, ಅಲ್ವಾ?

ಉತ್ತರ:
ಒಂದು ಮಿತಿಯ ತನಕ. ಗಂಟಲು ಮುಚ್ಚಿ ನಿಲ್ಲುವ ಉಸಿರಿಗೆ ಪ್ರೆಶರ್ ಮದ್ದು. ಗಂಟಲು ತೆರೆದೇ ಇದ್ದು ಮೆದುಳಿನಿಂದ ಸೂಚನೆ ಬಾರದೆ ನಿಲ್ಲುವುದೂ ಇದೆ, ಅದು ಸೆಂಟ್ರಲ್ ಅಪ್ನಿಯಾ. ಕೆಲವರಲ್ಲಿ ಪ್ರೆಶರ್ ಏರಿಸಿದರೆ ಅದೇ ಜಾಸ್ತಿ ಆಗುತ್ತದೆ. ಹೊಸಬರಲ್ಲಿ ಎಷ್ಟೋ ಸಲ ವಾರಗಳು ಕಳೆದಂತೆ ತಾನೇ ಇಳಿಯುತ್ತದೆ, ಇಳಿಯದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ರಿಪೋರ್ಟಿನಲ್ಲಿ ಎರಡನ್ನೂ ಬೇರೆ ಬೇರೆ ತೋರಿಸುತ್ತಾರೆ, ಮೊತ್ತ ನೋಡಿ ಪ್ರೆಶರ್ ಏರಿಸಲು ಹೋಗಬೇಡಿ. ಒಟ್ಟು 5ರ ಕೆಳಗಿದ್ದರೆ ಸಾಕು, ಸೊನ್ನೆಯ ಹಠ ಬೇಡ.

ಮತ್ತೊಬ್ಬರು:
ಪೈಪಿನಲ್ಲಿ ನೀರು ಕಟ್ಟಿ ಮೂಗಿಗೆ ಬರುತ್ತದೆ. ಆದರೂ ಬಾಯಿ ಒಣಗುತ್ತದೆ, ಇದ್ಯಾವ ಲೆಕ್ಕ?

ಉತ್ತರ:
ಎರಡೂ ಬೇರೆ ತೊಂದರೆ. ನೀರು ಕಟ್ಟುವುದು ಕೋಣೆ ತಣ್ಣಗಿದ್ದು, ಮಷೀನ್ ಗಾಳಿಗೆ ಸೇರಿಸುವ ತೇವ ಜಾಸ್ತಿ ಇಟ್ಟಾಗ. ತೇವ ಒಂದು ಹಂತ ಇಳಿಸಿ, ಬಿಸಿ ಆಗುವ ಪೈಪಾದರೆ ಅದರ ಉಷ್ಣತೆ ಏರಿಸಿ, ಮಷೀನನ್ನು ತಲೆಗಿಂತ ಕೆಳಗಿಡಿ. ಬಾಯಿ ಒಣಗುವುದು ನಿದ್ದೆಯಲ್ಲಿ ಬಾಯಿ ತೆರೆದು ಗಾಳಿ ಅಲ್ಲಿಂದ ಹೋಗುವುದಕ್ಕೆ, ಅದು ಲೀಕಿನಲ್ಲೂ ಕಾಣುತ್ತದೆ. ಮೂಗು ಕಟ್ಟಿದ್ದರೆ ಮೊದಲು ಅದಕ್ಕೆ ಮದ್ದು ಮಾಡಿ. ಮೂಗು ಸರಿ ಇದ್ದೂ ಹಾಗೇ ಆದರೆ ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕ್ ಕೇಳಿ.